ಭೂಮಿಯನ್ನು ಓದುವ ವಿದ್ಯೆ ನಮ್ಮ ಮನೆಗಳಿಗೆ ಬೇಡವಾಯಿತೇ?

ಪಿಯುಸಿ ಫಲಿತಾಂಶ ಹೊರಬಿದ್ದೊಡನೆ ನಮ್ಮ ಮನೆಗಳಲ್ಲಿ ಒಂದೇ ಬಗೆಯ ಚರ್ಚೆ ಆರಂಭವಾಗುತ್ತದೆ. ವೈದ್ಯಕೀಯವೋ ಇಂಜಿನಿಯರಿಂಗೋ ಎಂಬುದು ಮೊದಲ ಪ್ರಶ್ನೆ. ಅದು ಕೈಗೂಡದಿದ್ದರೆ ಬಿ.ಕಾಂ. ಅದೂ ಆಗದಿದ್ದರೆ ಬಿ.ಎ. ಅಲ್ಲಿಯೂ ಭೂಗೋಳಶಾಸ್ತ್ರವನ್ನು ಯಾರೂ ಬಯಸಿ ಆರಿಸುವುದಿಲ್ಲ. ಉಳಿದ ವಿಷಯಗಳ ಜೊತೆಗೆ ಬಂದುದೆಂದು ಸ್ವೀಕರಿಸುತ್ತಾರೆ. ಮಗಳು ತಾನಾಗಿಯೇ ಆ ವಿಷಯವನ್ನು ಕೇಳಿದರೆ "ಅದರಿಂದೇನು ಪ್ರಯೋಜನ?" ಎಂಬ ಮಾತಿನಲ್ಲಿ ಆಕೆಯ ಆಸಕ್ತಿ ಮುಗಿದುಹೋಗುತ್ತದೆ. ಆ ಪ್ರಶ್ನೆಗೆ ಉತ್ತರವಿದೆ, ಮತ್ತು ಆ ಉತ್ತರ ನಮ್ಮ ಮನೆ, ಮಸೀದಿ ಹಾಗೂ ಜೀವಗಳಿಗೆ ಸಂಬಂಧಿಸಿದ್ದು ಎಂಬುದು ನಮ್ಮ ಅಭಿಪ್ರಾಯ.

ಪದವಿಯ ಮೊದಲ ವರ್ಷದಲ್ಲಿ ಬೋಧಿಸಲಾಗುವ ಪ್ರಾಕೃತಿಕ ಭೂಗೋಳಶಾಸ್ತ್ರದ ಪಾಠಗಳು ನಾಲ್ಕು ನೆಲೆಗಳಲ್ಲಿ ಹರಡಿಕೊಂಡಿವೆ: ಶಿಲಾಗೋಳ, ವಾಯುಗೋಳ, ಜಲಗೋಳ ಮತ್ತು ಜೀವಗೋಳ. ಕಾಲಿನಡಿಯ ಕಲ್ಲು ಹೇಗೆ ಉಂಟಾಯಿತು, ಗಾಳಿ ಏಕೆ ಬೀಸುತ್ತದೆ, ಮಳೆ ಎಲ್ಲಿ ಸುರಿದು ಎಲ್ಲಿ ಇಂಗುತ್ತದೆ, ಹಗಲು ಏಕೆ ಹಿಗ್ಗಿ ಕುಗ್ಗುತ್ತದೆ ಎಂಬುದನ್ನು ವಿದ್ಯಾರ್ಥಿ ಇಲ್ಲಿ ಕಲಿಯುತ್ತಾನೆ. ಪರ್ವತಗಳನ್ನು ಹೇಗೆ ನೆಡಲಾಗಿದೆ, ಭೂಮಿಯನ್ನು ಹೇಗೆ ಹಾಸಲಾಗಿದೆ ಎಂಬುದನ್ನು ನೋಡುವಂತೆ ಪವಿತ್ರ ಕುರ್‌ಆನ್ ಮನುಷ್ಯನನ್ನು ಆಹ್ವಾನಿಸುತ್ತದೆ. ಆ ಆಹ್ವಾನವನ್ನು ಪಾರಾಯಣ ಮಾಡುವ ನಾವು, ಅದನ್ನೇ ಪಾಠವಾಗಿ ಕಲಿಸುವ ವಿಷಯವನ್ನು ಕೊನೆಯ ಆಯ್ಕೆಯಾಗಿಸಿರುವುದು ವಿಚಿತ್ರವೇ ಸರಿ.

ನಮ್ಮ ದಿನಚರಿಯನ್ನೇ ನೋಡೋಣ. ಭೂಮಿ ಒಂದು ಡಿಗ್ರಿ ರೇಖಾಂಶದಷ್ಟು ತಿರುಗಲು 4 ನಿಮಿಷ ಬೇಕು. ಮಂಗಳೂರು ಮತ್ತು ಬೆಂಗಳೂರುಗಳ ಅಕ್ಷಾಂಶ ಹೆಚ್ಚುಕಡಿಮೆ ಒಂದೇ. ಆದರೆ ರೇಖಾಂಶದಲ್ಲಿ ಸುಮಾರು ಎರಡೂ ಮುಕ್ಕಾಲು ಡಿಗ್ರಿಯ ಅಂತರವಿದೆ. ಆದ್ದರಿಂದ ಮಗ್‌ರಿಬ್ ಮಂಗಳೂರಿನಲ್ಲಿ ಸುಮಾರು 11 ನಿಮಿಷ ತಡವಾಗಿ ಬರುತ್ತದೆ. ಬೀದರ್ ಮತ್ತು ಬೆಂಗಳೂರುಗಳ ರೇಖಾಂಶ ಬಹುತೇಕ ಒಂದೇ ಆಗಿದ್ದರೂ ಜೂನ್‌ನಲ್ಲಿ ಬೀದರ್‌ನಲ್ಲಿ ಸೂರ್ಯ ತಡವಾಗಿ ಮುಳುಗುತ್ತಾನೆ, ಡಿಸೆಂಬರ್‌ನಲ್ಲಿ ಬೇಗನೆ ಮುಳುಗುತ್ತಾನೆ. ಭೂಮಿಯ ಅಕ್ಷ ಇಪ್ಪತ್ತಮೂರೂವರೆ ಡಿಗ್ರಿ ವಾಲಿರುವುದೇ ಇದಕ್ಕೆ ಕಾರಣ. ಗೋಡೆಗೆ ತೂಗುಹಾಕಿದ ನಮಾಝ್ ವೇಳಾಪಟ್ಟಿ ಒಂದು ಊರಿನದು ಇನ್ನೊಂದು ಊರಿಗೆ ಏಕೆ ಸಲ್ಲುವುದಿಲ್ಲ ಎಂಬುದು ಈ ಪಾಠ ಓದಿದ ಹದಿನೆಂಟರ ಹುಡುಗನಿಗೆ ತಿಳಿದಿರುತ್ತದೆ.

ಕಿಬ್ಲಾದ ವಿಚಾರವೂ ಹಾಗೆಯೇ. ಕರ್ನಾಟಕದಿಂದ ಮಕ್ಕಾ ನೇರ ಪಶ್ಚಿಮಕ್ಕಿಲ್ಲ. ಮಂಗಳೂರು, ಬೆಂಗಳೂರುಗಳಿಂದ ಅದು ಪಶ್ಚಿಮದಿಂದ ಉತ್ತರಕ್ಕೆ 18-19 ಡಿಗ್ರಿಗಳಷ್ಟು ಸರಿದಿದೆ. ಮಕ್ಕಾ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವುದರಿಂದ ವರ್ಷಕ್ಕೆ ಎರಡು ಬಾರಿ ಸೂರ್ಯ ಕಅಬಾದ ನೆತ್ತಿಯ ಮೇಲೆ ಬರುತ್ತಾನೆ. ಮೇ 27-28ರಂದು ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಸುಮಾರು 2.48ಕ್ಕೆ ಮತ್ತು ಜುಲೈ 15-16ರಂದು ಸುಮಾರು 2.57ಕ್ಕೆ ಸೂರ್ಯನಿರುವ ದಿಕ್ಕೇ ಕಿಬ್ಲಾದ ದಿಕ್ಕು. ಜುಲೈಯಲ್ಲಿ ನಮ್ಮ ಕರಾವಳಿಯನ್ನು ಮೋಡ ಮುಚ್ಚಿರುತ್ತದೆ, ಆದ್ದರಿಂದ ಮೇ ತಿಂಗಳೇ ಅನುಕೂಲ. ಇದಕ್ಕೆ ಮೊಬೈಲ್ ಬೇಕಿಲ್ಲ. ನೆಟ್ಟಗೆ ನಿಲ್ಲಿಸಿದ ಒಂದು ಕೋಲು ಮತ್ತು ಅದರ ನೆರಳು ಸಾಕು.

ಈ ವಿದ್ಯೆ ನಮಗೆ ಹೊಸದೇನೂ ಅಲ್ಲ. ಅಲ್‌ಬಿರೂನಿ ಪರ್ವತವೊಂದರ ಎತ್ತರವನ್ನೂ ಅದರ ತುದಿಯಿಂದ ದಿಗಂತ ಎಷ್ಟು ಕೆಳಗೆ ಕಾಣುತ್ತದೆ ಎಂಬ ಕೋನವನ್ನೂ ಅಳೆದು ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದರು. ಗಝ್ನಿಯ ಕಿಬ್ಲಾವನ್ನು ನಿಖರವಾಗಿ ನಿರ್ಣಯಿಸಲು ಅವರು ನಗರಗಳ ಸ್ಥಾನಗಳನ್ನೇ ಗಣಿಸಿದರು. ಭಾರತಕ್ಕೆ ಬಂದಾಗ ಪರ್ವತದ ಸಮೀಪ ದೊಡ್ಡದಾಗಿರುವ ಕಲ್ಲುಗಳು ದೂರ ಸಾಗಿದಂತೆ ಸಣ್ಣದಾಗಿ ಕೊನೆಗೆ ಮರಳಾಗುವುದನ್ನು ಗಮನಿಸಿ, ಉತ್ತರದ ಬಯಲು ಹಿಂದೆ ಸಮುದ್ರವಾಗಿದ್ದು ನದಿಗಳು ತಂದ ಮಣ್ಣಿನಿಂದ ತುಂಬಿರಬೇಕೆಂದು ಊಹಿಸಿದರು. ನಮ್ಮ ಬೀದರ್‌ನಲ್ಲಿಯೇ ಬಹಮನಿಯರ ಕಾಲದ ಸುರಂಗ ಬಾವಿಯಿದೆ. ಮೇಲಿನ ಕೆಂಪು ಮುರಕಲ್ಲಿನೊಳಗೆ ಇಂಗಿದ ಮಳೆನೀರು ಕೆಳಗಿನ ಗಟ್ಟಿ ಪದರವನ್ನು ದಾಟಲಾರದೆ ಸಂಗ್ರಹವಾಗುತ್ತದೆ. ಆ ನೀರನ್ನು ಇಳಿಜಾರಿನ ಸುರಂಗದ ಮೂಲಕ ಪಂಪಿನ ಸಹಾಯವಿಲ್ಲದೆ ಹರಿಸಲಾಯಿತು. ನೆಲದ ಗುಣವನ್ನು ಬಲ್ಲವರು ಮಾತ್ರ ಮಾಡಬಲ್ಲ ಕೆಲಸವಿದು.

ಆ ಅರಿವನ್ನು ಕಳೆದುಕೊಂಡುದರ ಬೆಲೆ ಸಣ್ಣದಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜಾರಿದವು. 2024ರ ಜುಲೈ 16ರಂದು ಅಂಕೋಲಾದ ಬಳಿ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅದೇ ತಿಂಗಳ 30ರಂದು ವಯನಾಡಿನಲ್ಲಿ ಊರುಗಳೇ ಮಣ್ಣುಪಾಲಾದವು. ಕರಾವಳಿಯಲ್ಲಿ ಮುರಕಲ್ಲಿನ ಅಡಿಯಲ್ಲಿ ಅನೇಕ ಕಡೆ ಶೇಡಿ ಮಣ್ಣಿರುತ್ತದೆ. ಒಣಗಿದಾಗ ಗಟ್ಟಿಯಾಗಿ ನಿಲ್ಲುವ ಈ ಮಣ್ಣು ನೀರು ಕುಡಿದಾಗ ಬಲ ಕಳೆದುಕೊಳ್ಳುತ್ತದೆ. ಗುಡ್ಡವನ್ನು ಲಂಬವಾಗಿ ಕೊರೆದು, ಮಳೆನೀರು ಹರಿದುಹೋಗುವ ದಾರಿಯನ್ನು ಮುಚ್ಚಿ ಮನೆ ಕಟ್ಟಿದರೆ ಆಗುವುದೇನೆಂದು ಮೊದಲ ವರ್ಷದ ಪಠ್ಯ ಹೇಳುತ್ತದೆ. ಆದರೆ ಜೀವಮಾನದ ಗಳಿಕೆಯನ್ನು ಸುರಿದು ನಿವೇಶನ ಕೊಳ್ಳುವ ನಾವು ದಾಖಲೆ ಪತ್ರಗಳನ್ನು ಹತ್ತು ಬಾರಿ ಪರಿಶೀಲಿಸುತ್ತೇವೆ, ಇಳಿಜಾರನ್ನು ಒಮ್ಮೆಯೂ ಪರಿಶೀಲಿಸುವುದಿಲ್ಲ.

"ಎಲ್ಲವೂ ಅಲ್ಲಾಹನ ವಿಧಿ" ಎಂದು ಕೆಲವರು ಹೇಳಬಹುದು. ವಿಧಿಯಲ್ಲಿ ನಮಗೂ ವಿಶ್ವಾಸವಿದೆ. ಆದರೆ ಒಂಟೆಯನ್ನು ಕಟ್ಟಿಹಾಕಿ ಅನಂತರ ಭರವಸೆಯಿಡಬೇಕೆಂದು ಕಲಿಸಿದವರು ಪ್ರವಾದಿವರ್ಯರು(ಸ). ಇಳಿಜಾರಿನ ನೀರಿಗೆ ದಾರಿ ಬಿಡುವುದು ನಮ್ಮ ಕಾಲದ ಒಂಟೆ ಕಟ್ಟುವ ಕೆಲಸವಲ್ಲವೇ?

ಉದ್ಯೋಗದ ಪ್ರಶ್ನೆಯನ್ನೂ ನಾವು ಬದಿಗೆ ಸರಿಸುವುದಿಲ್ಲ. ಪ್ರಾರಂಭಿಕ ಪಠ್ಯವೊಂದೇ ಯಾರಿಗೂ ಅನ್ನ ಕೊಡದು. ಆದರೆ ಭೂಮಾಪನ, ಉಪಗ್ರಹ ಚಿತ್ರಗಳ ಅಧ್ಯಯನ, ಗಣಕೀಕೃತ ನಕ್ಷೆ ತಯಾರಿ, ವಿಪತ್ತು ನಿರ್ವಹಣೆ, ಅಂತರ್ಜಲ ಶೋಧನೆ, ಅಧ್ಯಾಪನ ಮುಂತಾದ ದಾರಿಗಳಿಗೆ ಅದು ಹೊಸ್ತಿಲು. ನಾಗರಿಕ ಸೇವಾ ಪರೀಕ್ಷೆ ಬರೆಯುವವರಿಗೂ ಭೂಗೋಳಶಾಸ್ತ್ರ ಅನಿವಾರ್ಯ. ಆಸಕ್ತಿಯಿಲ್ಲದ ಮಗನನ್ನು ಸಾಲ ಮಾಡಿ ಇಂಜಿನಿಯರಿಂಗ್‌ಗೆ ಸೇರಿಸುವುದಕ್ಕಿಂತ, ಆಸಕ್ತಿಯಿರುವ ಮಗಳನ್ನು ಈ ಹೊಸ್ತಿಲು ದಾಟಿಸುವುದು ಬುದ್ಧಿವಂತಿಕೆ.

ಕಾಲೇಜುಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಈ ವಿಷಯವನ್ನು ಅನೇಕ ಕಡೆ ಟಿಪ್ಪಣಿ ಬರೆಸಿ, ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸಿ ಮುಗಿಸಲಾಗುತ್ತಿದೆ. ನದಿಯನ್ನು ನೋಡದೆ ನದಿಯ ಬಗ್ಗೆ ಬರೆದ ಉತ್ತರಕ್ಕೆ ಅಂಕ ಸಿಗಬಹುದು, ಅರಿವು ಸಿಗದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಮಿಕ್ಕಿ ಮಳೆಯಾಗುತ್ತದೆ. ಅಲ್ಲಿಂದ ಇನ್ನೂರು ಕಿಲೋಮೀಟರ್‌ನೊಳಗಿರುವ ಚಳ್ಳಕೆರೆಯಲ್ಲಿ 600 ಮಿಲಿಮೀಟರ್ ಕೂಡ ಆಗುವುದಿಲ್ಲ. ಮಳೆನೆರಳು ಎಂದರೇನೆಂದು ತಿಳಿಯಲು ಇದಕ್ಕಿಂತ ದೊಡ್ಡ ಪ್ರಯೋಗಾಲಯ ಬೇಕೇ? ನಮ್ಮ ಸಮುದಾಯದ ಆಡಳಿತದಲ್ಲಿರುವ ಕಾಲೇಜುಗಳು ಮೊದಲು ವಿದ್ಯಾರ್ಥಿಗಳನ್ನು ತರಗತಿಯ ಹೊರಗೆ ಕರೆದೊಯ್ಯಲಿ.

ಜಮಾಅತ್‌ಗಳು ಕೂಡ ಈ ಮಕ್ಕಳನ್ನು ಬಳಸಿಕೊಳ್ಳಬೇಕು. ಹೊಸ ಮಸೀದಿಯ ತಳಪಾಯಕ್ಕೆ ಮುನ್ನ ಕಿಬ್ಲಾ ಪರಿಶೀಲನೆ, ವುಝೂವಿನ ನೀರನ್ನು ಮರಳಿ ಭೂಮಿಗೆ ಇಂಗಿಸುವ ಗುಂಡಿ, ಮಳೆಗಾಲಕ್ಕೆ ಮೊದಲು ಮೊಹಲ್ಲಾದ ಅಪಾಯದ ಇಳಿಜಾರುಗಳ ಪಟ್ಟಿ ಇವೆಲ್ಲ ಅವರು ಹಿರಿಯರ ಹಾಗೂ ತಜ್ಞರ ಮಾರ್ಗದರ್ಶನದಲ್ಲಿ ಮಾಡಬಲ್ಲ ಕೆಲಸಗಳು. ತಾನು ಕಲಿತದ್ದು ಸಮುದಾಯಕ್ಕೆ ಬೇಕಾಗಿದೆ ಎಂದು ಕಂಡ ಯುವಕ ಆ ವಿಷಯವನ್ನು ಕೀಳೆಂದು ಭಾವಿಸುವುದಿಲ್ಲ.

ಭೂಮಿ ನಮಗೆ ವಹಿಸಲಾದ ಅಮಾನತ್ತು ಎಂದು ನಾವು ವೇದಿಕೆಗಳಲ್ಲಿ ಹೇಳುತ್ತಲೇ ಇದ್ದೇವೆ. ಒಪ್ಪಿಸಲಾದ ವಸ್ತುವಿನ ಗುಣವನ್ನೇ ಅರಿಯದವನು ಅದನ್ನು ಕಾಪಾಡುವುದು ಹೇಗೆ? ಈ ವರ್ಷ ಪ್ರವೇಶದ ಅರ್ಜಿ ತುಂಬುವಾಗ ಮಗನೋ ಮಗಳೋ ಭೂಗೋಳಶಾಸ್ತ್ರವೆಂದು ಬರೆದರೆ ಹೆತ್ತವರು ಅದನ್ನು ಹೊಡೆದುಹಾಕದಿರಲಿ. ಆ ಪುಸ್ತಕವನ್ನು ತಾವೂ ಒಮ್ಮೆ ತೆರೆದು ನೋಡಲಿ. ಅಲ್ಲಾಹನು ನಮಗೆ ಉಪಯುಕ್ತ ಜ್ಞಾನವನ್ನು ದಯಪಾಲಿಸಲಿ, ಆಮೀನ್.