ಕಡಲ್ಕೊರೆತವೂ ಕಲಿಯುವ ಯಂತ್ರವೂ

ಮಳೆಗಾಲ ಬಂತೆಂದರೆ ಉಳ್ಳಾಲ, ಮರವಂತೆಗಳಂಥ ಊರುಗಳಿಂದ ಬರುವ ಸಮಾಚಾರ ಒಂದೇ: ಇನ್ನೆರಡು ತೆಂಗಿನ ಮರಗಳು ಕಡಲಪಾಲಾದುವು. ಮುಂಬಯಿಯ ಹೊಟೇಲು, ಕಚೇರಿಗಳಲ್ಲಿ ದುಡಿದು ಆ ಕಡಲ ಕರೆಯಲ್ಲೇ ಮನೆ ಕಟ್ಟಿಸಬೇಕೆಂದಿರುವ ನಮ್ಮ ಬಂಧುಗಳಿಗೆ ಇದು ಬರಿಯ ಸುದ್ದಿಯಲ್ಲ.

ಕಡಲು ಮುಂದೆ ಎಲ್ಲಿಯವರೆಗೆ ಬಂದೀತೆಂಬುದನ್ನು ಗಣಕಯಂತ್ರದಿಂದ ಮುಂಚಿತವಾಗಿ ತಿಳಿಯುವ ಪ್ರಯತ್ನ ಈಗ ನಡೆದಿದೆ. ಹಲವು ದಶಕಗಳ ಉಪಗ್ರಹ ಚಿತ್ರಗಳನ್ನು ಯಂತ್ರಕ್ಕೆ ಒದಗಿಸಿ, ದಡದ ಗೆರೆ ಸರಿದ ಬಗೆಯನ್ನು ಅದಕ್ಕೆ ಕಲಿಸುತ್ತಾರೆ. ಇದನ್ನು ನಾವು ಸ್ವಾಗತಿಸುತ್ತೇವೆ. 1990ರಿಂದ 2016ರವರೆಗಿನ ಚಿತ್ರಗಳನ್ನು ಪರಿಶೀಲಿಸಿದ ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು, ದೇಶದ ಕರಾವಳಿಯ ಸುಮಾರು ಮೂರರಲ್ಲೊಂದು ಭಾಗ ಕೊರೆತಕ್ಕೊಳಗಾಗಿದೆಯೆಂದು ತಿಳಿಸಿದೆ.

ಆದರೆ ಯಂತ್ರವು ಕಂಡದ್ದನ್ನಷ್ಟೇ ಕಲಿಯಬಲ್ಲುದು. ಕಡಲು ಮುನಿಯುವ ಆಷಾಢದಲ್ಲಿ ಮೋಡ ಮುಸುಕಿ, ದಡದ ಸ್ಪಷ್ಟ ಚಿತ್ರ ದೊರೆಯುವುದೇ ಅಪರೂಪ. ಮಳೆಯಲ್ಲಿ ಹೋದ ಹೊಯಿಗೆ ಬೇಸಗೆಗೆ ಮರಳುವುದೂ ಉಂಟು. ಬೇಸಗೆಯ ಚಿತ್ರಗಳಿಂದಲೇ ಕಲಿತ ಯಂತ್ರ, ದಡ ಕ್ಷೇಮವಾಗಿದೆ ಎಂದೀತು! ಅಳಿವೆಯಲ್ಲಿ ಹೊಸ ತಡೆಗೋಡೆ ಎದ್ದರೆ, ನದಿಯ ಮರಳು ಲಾರಿಯೇರಿದರೆ, ಹಳೆಯ ಲೆಕ್ಕವೇ ತಪ್ಪುವುದು. ದಡದಲ್ಲಿ ನಿಂತು ಅಳೆಯುವವರೂ, ಮೊಗವೀರ ಹಿರಿಯರನ್ನು ಕೇಳುವವರೂ ಆದಕಾರಣ ಬೇಕು.

ಇಂಥ ಮುನ್ಸೂಚನೆ ಕಡತದಲ್ಲಿ ಕೂರಬಾರದು. ಕಲ್ಲು ಸುರಿಯುವ ಗುತ್ತಿಗೆಗೆ ಮೊದಲೇ, ಎಷ್ಟು ತಪ್ಪಬಹುದೆಂಬ ವಿವರದೊಡನೆ, ಅದು ಕನ್ನಡದಲ್ಲಿ ಪಂಚಾಯತಿಯ ಗೋಡೆಗೆ ಬರಬೇಕು. ಅಡಿಪಾಯಕ್ಕೆ ಹಣ ಕಳುಹಿಸುವ ಮುನ್ನ ನಮ್ಮವನೊಬ್ಬನು ಮುಂಬಯಿಯಿಂದಲೇ ಅದನ್ನು ವಿಚಾರಿಸಿಕೊಳ್ಳುವಂತಾಗಲಿ.