ಮಹಾಮಾರಿಯ ಗದ್ದಲದಲ್ಲಿ ಮರೆತ ರೋಗಿಗಳು

ರೋಗಗಳಲ್ಲಿ ಎರಡು ಬಗೆ. ಒಂದು, ಸಿಡಿಲಿನಂತೆ ಎರಗಿ ಊರನ್ನೇ ನಡುಗಿಸುವುದು. ಇನ್ನೊಂದು, ಗೆದ್ದಲಿನಂತೆ ಸದ್ದಿಲ್ಲದೆ ಒಳಗೇ ಕೊರೆಯುವುದು. ಮೊದಲನೆಯದು ಬಂದಾಗ ಸರ್ಕಾರ, ವೈದ್ಯರು, ಪತ್ರಿಕೆಗಳು ಎಲ್ಲರೂ ಎಚ್ಚೆತ್ತುಕೊಳ್ಳುತ್ತಾರೆ. ಅದು ಯುಕ್ತವೇ ಸರಿ. ಆದರೆ ಆ ಗದ್ದಲದಲ್ಲಿ ಎರಡನೆಯ ಬಗೆಯ ರೋಗಿಯ ಗತಿಯೇನು ಎಂದು ಕೇಳುವವರು ವಿರಳ. 2020ರ ಕೋವಿಡ್ ಕಾಲದ ಅನುಭವವನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಕಣ್ಣು ಹಳದಿಯಾದರೆ ‘ಕಾಮಾಲೆ’ ಎಂದು ಹೇಳಿ, ಸೊಪ್ಪಿನ ರಸ ಕುಡಿದು, ಪಥ್ಯ ಮಾಡಿ ಸುಮ್ಮನಾಗುವುದು ನಮ್ಮ ಹಳ್ಳಿಗಳ ವಾಡಿಕೆ. ಕೆಲವು ಬಗೆಯ ಕಾಮಾಲೆ ತಾನಾಗಿ ಇಳಿಯುವುದರಿಂದ ಆ ನಂಬಿಕೆ ಬಲವಾಗಿದೆ. ಆದರೆ ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳ ಸ್ವಭಾವವೇ ಬೇರೆ. ಅವು ಯಾವ ಲಕ್ಷಣವನ್ನೂ ತೋರದೆ ಹತ್ತಾರು ವರ್ಷ ಯಕೃತ್ತಿನಲ್ಲಿ ನೆಲಸಿ, ಕೊನೆಗೆ ಸಿರೋಸಿಸ್ ಅಥವಾ ಕ್ಯಾನ್ಸರಿಗೆ ದಾರಿ ಮಾಡಬಲ್ಲವು. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ, 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನರಿಗೆ ಹೆಪಟೈಟಿಸ್ ಬಿ, 55 ಲಕ್ಷ ಜನರಿಗೆ ಹೆಪಟೈಟಿಸ್ ಸಿ ಇತ್ತು.

ಸಂತೋಷದ ಸಂಗತಿಯೆಂದರೆ ಎರಡಕ್ಕೂ ಔಷಧವಿದೆ. ‘ಸಿ’ ಬಗೆಯನ್ನು ಸಾಮಾನ್ಯವಾಗಿ 12 ವಾರಗಳ ಮಾತ್ರೆಗಳಿಂದ ನೂರಕ್ಕೆ 95ಕ್ಕೂ ಹೆಚ್ಚು ಮಂದಿಯಲ್ಲಿ ಗುಣಪಡಿಸಬಹುದು. ‘ಬಿ’ ಬಗೆ ಬೇರುಸಹಿತ ಹೋಗುವುದು ಅಪರೂಪ. ಚಿಕಿತ್ಸೆ ಬೇಕಾದವರು ಟೆನೊಫೊವಿರ್‌ನಂತಹ ಮಾತ್ರೆಯನ್ನು ದಿನವೂ, ವರ್ಷಗಟ್ಟಲೆ ನುಂಗಬೇಕು. ಅದನ್ನು ಹಠಾತ್ತಾಗಿ ನಿಲ್ಲಿಸಿದರೆ ವೈರಾಣು ಮತ್ತೆ ತಲೆಯೆತ್ತಿ, ಕೆಲವರಲ್ಲಿ ಪ್ರಾಣಕ್ಕೇ ಸಂಚಕಾರ ತರುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಆದರೆ ಚಿಕಿತ್ಸಾ ಕೇಂದ್ರಗಳಿರುವುದು ಮುಖ್ಯವಾಗಿ ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ.

ಹೇಮಾವತಿಯ ದಡದ ನಮ್ಮ ಅಕ್ಕಿಹೆಬ್ಬಾಳಿನಿಂದ ಮಂಡ್ಯಕ್ಕೋ ಮೈಸೂರಿಗೋ ಹೋಗಬೇಕಾದ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಆತನಿಗೆ ಇರುವುದು ಮೈಸೂರು–ಅರಸೀಕೆರೆ ರೈಲು ಮತ್ತು ಸರ್ಕಾರಿ ಬಸ್ಸು. 2020ರ ಮಾರ್ಚ್ ಕೊನೆಯಲ್ಲಿ ಎರಡೂ ನಿಂತವು. ಬಸ್ಸು ಮತ್ತೆ ಹೊರಟದ್ದು ಮೇ 19ರಂದು. ಪ್ಯಾಸೆಂಜರ್ ರೈಲುಗಳಿಗೆ ಇನ್ನೂ ಬಹಳ ಕಾಲ ಹಿಡಿಯಿತು. ಆತ ಮಾರ್ಚ್ 15ರಿಂದ ನುಂಗಲು 30 ಮಾತ್ರೆ ತಂದಿದ್ದರೆ, ಏಪ್ರಿಲ್ 13ಕ್ಕೆ ಅವು ಮುಗಿದವು. ಅಲ್ಲಿಂದ ಬಸ್ಸು ಬರುವತನಕ 35 ದಿನ! ತುರ್ತಿಗೆ ಪಾಸು ಸಿಗುತ್ತಿತ್ತು ನಿಜ. ಆದರೆ ಬಾಡಿಗೆ ಕಾರಿಗೆ ಹಣವೆಲ್ಲಿ? ನೋಡಲು ಗಟ್ಟಿಮುಟ್ಟಾಗಿರುವವನ ತುರ್ತನ್ನು ನಂಬುವವರು ಯಾರು? ಮೇ ತಿಂಗಳಲ್ಲಿ ಮುಂಬಯಿಯಿಂದ ಮರಳಿದವರಲ್ಲಿ ಸೋಂಕು ಕಂಡು ಕೃಷ್ಣರಾಜಪೇಟೆ ತಾಲ್ಲೂಕು ಪತ್ರಿಕೆಗಳಲ್ಲಿ ಸುದ್ದಿಯಾದಾಗ, ಆಸ್ಪತ್ರೆಯ ಹೆಸರು ಕೇಳಿದರೇ ಜನ ಹೆದರುವ ಕಾಲ ಬಂದಿತ್ತು.

ಕಷ್ಟ ಪ್ರಯಾಣದ್ದು ಮಾತ್ರವಲ್ಲ. ರಕ್ತದಲ್ಲಿನ ವೈರಾಣುಗಳನ್ನು ಎಣಿಸಲು ಬಳಸುವ ಟ್ರೂನ್ಯಾಟ್‌ನಂತಹ ಯಂತ್ರಗಳನ್ನು ಕೋವಿಡ್ ಪರೀಕ್ಷೆಗೆ ತಿರುಗಿಸಲಾಯಿತು. ಕೋವಿಡ್ ಉಲ್ಬಣಿಸಿದವರಿಗೆ ಕೊಟ್ಟ ಡೆಕ್ಸಾಮೆಥಾಸೋನ್‌ನಂತಹ ಸ್ಟೀರಾಯ್ಡುಗಳು ಅನೇಕರ ಜೀವ ಉಳಿಸಿದವು. ಆದರೆ ಅವೇ ಔಷಧಗಳು ಮಲಗಿದ್ದ ಹೆಪಟೈಟಿಸ್ ಬಿ ವೈರಾಣುವನ್ನು ಎಚ್ಚರಿಸಬಲ್ಲವು. ಹೆಪಟೈಟಿಸ್ ಸಿ ವೈರಾಣುವನ್ನು ಪತ್ತೆ ಮಾಡಿದ ಮೂವರು ವಿಜ್ಞಾನಿಗಳಿಗೆ ನೊಬೆಲ್ ಪಾರಿತೋಷಕ ಬಂದದ್ದೂ ಅದೇ 2020ರಲ್ಲಿ ಎಂಬುದು ವಿಧಿಯ ಪರಿಹಾಸ್ಯವೇ ಸರಿ.

“ಮನೆಗೆ ಬೆಂಕಿ ಬಿದ್ದಾಗ ಗೆದ್ದಲನ್ನು ಯಾರು ನೋಡುತ್ತಾರೆ?” ಎಂದು ಕೆಲವರು ಆಕ್ಷೇಪಿಸಬಹುದು. ಹಗಲಿರುಳು ದುಡಿದ ವೈದ್ಯರನ್ನೂ ದಾದಿಯರನ್ನೂ ದೂರುವುದು ನನ್ನ ಉದ್ದೇಶವಲ್ಲ. ಆದರೆ ಈ ರೋಗಿ ಕೇಳುವುದು ಹಾಸಿಗೆಯನ್ನಲ್ಲ, ಆಮ್ಲಜನಕವನ್ನಲ್ಲ. ಒಂದು ಡಬ್ಬಿ ಮಾತ್ರೆಯನ್ನು. ಅದೇ ಸಮಯದಲ್ಲಿ ಎಚ್.ಐ.ವಿ. ಸೋಂಕಿತರಿಗೆ ಹಲವು ತಿಂಗಳ ಔಷಧವನ್ನು ಒಟ್ಟಿಗೆ ಕೊಡುವ ಏರ್ಪಾಡು ನಮ್ಮ ದೇಶದಲ್ಲೇ ನಡೆಯಿತು. ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕೆ ಸಾಧ್ಯವಾಗಬಾರದು?

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಸ್ಥಿರವಾಗಿರುವ ರೋಗಿಗೆ ಒಮ್ಮೆಗೆ ಮೂರು ತಿಂಗಳ ಮಾತ್ರೆ ಸಿಗಬೇಕು. ಮೊದಲ ತಪಾಸಣೆ ಜಿಲ್ಲೆಯಲ್ಲಾದರೂ, ಮುಂದಿನ ಔಷಧ ತಾಲ್ಲೂಕು ಆಸ್ಪತ್ರೆಯಲ್ಲೋ ಹೋಬಳಿಯ ಆರೋಗ್ಯ ಕೇಂದ್ರದಲ್ಲೋ ದೊರೆಯಬೇಕು. ಲಾಕ್‌ಡೌನ್‌ನಲ್ಲಿ ಮನೆ ಮನೆಗೆ ನಡೆದ ಆಶಾ ಕಾರ್ಯಕರ್ತೆಯರ ಕೈಯಲ್ಲಿ, ರೋಗಿಯ ಗುಟ್ಟು ಬಯಲಾಗದಂತೆ, ಒಂದು ಪೊಟ್ಟಣ ಕಳಿಸುವುದು ದೊಡ್ಡ ಮಾತೇನಲ್ಲ. ಈ ವ್ಯವಸ್ಥೆ ಮುಂದಿನ ಮಹಾಮಾರಿ ಬರುವ ಮುನ್ನವೇ ಆಗಬೇಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಫಲವಿಲ್ಲ.

ವಿದ್ಯಾರ್ಥಿಗಳಾದ ನಮಗೂ ಕರ್ತವ್ಯವಿದೆ. ಒಂದೇ ಪಂಕ್ತಿಯಲ್ಲಿ ಉಂಡರೆ, ಕೈ ಕುಲುಕಿದರೆ ಹೆಪಟೈಟಿಸ್ ಬಿ, ಸಿ ಹರಡುವುದಿಲ್ಲ ಎಂಬುದನ್ನು ಹಾಸ್ಟೆಲಿನಲ್ಲೂ ಮನೆಯಲ್ಲೂ ತಿಳಿಸೋಣ. ಹುಟ್ಟಿದ 24 ಗಂಟೆಗಳೊಳಗೆ ಮಗುವಿಗೆ ‘ಬಿ’ ಲಸಿಕೆ ಹಾಕಿಸಬೇಕೆಂದು ನೆರೆಹೊರೆಯವರಿಗೆ ಹೇಳೋಣ. ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಲು ನಾವೇ ಮುಂದಾಗೋಣ. ಕೂಗಿ ಕರೆಯುವವನಿಗೆ ಓಗೊಡುವುದು ಸುಲಭ. ಕೂಗಲಾರದವನ ಮನೆಗೂ ಮದ್ದು ಮುಟ್ಟಿಸುವ ಸಮಾಜವೇ ನಾಗರಿಕ ಸಮಾಜ.