ಬಳೆ ಬೇಕು, ಮಾತು ಬೇಡವೇ?

ಹಳೆಯ ಟ್ರ್ಯಾಕ್ಟರ್ ಕೊಳ್ಳುವಾಗ ಹೆಂಗಸರ ಬಳೆ ಬೇಕು, ಸರ ಬೇಕು, ಸಂಘದ ಸಾಲವೂ ಬೇಕು. ಮಾತು ಮಾತ್ರ ಬೇಡ. “ಇಂಜಿನ್ ವಿಷಯ ನಿಮಗೇನು ಗೊತ್ತಾಗುತ್ತೆ?” ಎಂದು ಗಂಡಸರು ಹೊರಟುಬಿಡುತ್ತಾರೆ. ಹೋದವರು ನೋಡುವುದಾದರೂ ಏನು? ಹೊಸ ಬಣ್ಣ, ಹೊಸ ಸೀಟು, ಮೀಟರಿನಲ್ಲಿ ಓಡಿದ ಗಂಟೆಗಳ ಲೆಕ್ಕ. ಬಣ್ಣ ಎರಡು ದಿನದ ಕೆಲಸ. ಮೀಟರನ್ನೂ ಬದಲಿಸಬಹುದು. ನಮ್ಮ ಕೃಷ್ಣರಾಜನಗರದ ನಾಲೆ ಬಯಲಿನ ಕೆಸರುಗದ್ದೆಯಲ್ಲಿ ಏದುಸಿರು ಬಿಟ್ಟು ದುಡಿದ ಇಂಜಿನ್ನಿಗೂ ಬರಿಯ ಟ್ರೇಲರ್ ಎಳೆದದ್ದಕ್ಕೂ ಗಂಟೆ ಒಂದೇ ಇರಬಹುದು, ಸವೆತ ಒಂದೇ ಅಲ್ಲ.

ಅಕ್ಕಂದಿರೇ, ಕುಕ್ಕರಿನ ಗ್ಯಾಸ್ಕೆಟ್ ಸವೆದರೆ ಸದ್ದಿನಲ್ಲೇ ಹಿಡಿಯುವವರು ನಾವು. ಇಂಜಿನ್ನಿನದೂ ಅದೇ ಕಥೆ. ಪಿಸ್ಟನ್ನಿನ ರಿಂಗು, ಲೈನರು ಸವೆದರೆ ಒತ್ತಡ ಸೋರುತ್ತದೆ. ಬೆಳಗ್ಗೆಯೇ ಹೋಗಿ, ಸ್ಟಾರ್ಟ್ ಮಾಡುವ ಮೊದಲು ಇಂಜಿನ್ ಮುಟ್ಟಿ ನೋಡಿ. ಆಗಲೇ ಬಿಸಿಯಾಗಿದ್ದರೆ ಅನುಮಾನಪಡಿ. ಸವೆದ ಇಂಜಿನ್ ಒದ್ದಾಡುವುದು ತಣ್ಣಗಿದ್ದಾಗಲೇ. ಸ್ಟಾರ್ಟ್ ಆದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆಗೆ ಗಾಳಿ ಸಾಲದಿರುವುದೋ ಡೀಸೆಲ್ ಹೆಚ್ಚಾದದ್ದೋ ಕಾರಣವಿರಬಹುದು. ಅದೊಂದರಿಂದಲೇ ಸವೆದಿದೆ ಎನ್ನಲಾಗದು. ಆಯಿಲ್ ತುಂಬುವ ಮುಚ್ಚಳ ತೆಗೆಸಿ. ಅಲ್ಲಿಂದ ಬುಸುಬುಸು ಹೊಗೆ ಬಂದರೆ ಒತ್ತಡ ಕೆಳಗಿಳಿಯುತ್ತಿದೆ. ಡೀಸೆಲ್ ಇಂಜಿನ್ನಿನ ಆಯಿಲ್ ಕಪ್ಪಗಿರುವುದು ಸಹಜ, ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಏರ್ ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ಪೈಪಿನೊಳಗೆ ಬೆರಳಾಡಿಸಿ. ದೂಳು ಹತ್ತಿದರೆ ಅದು ಮರಳುಕಾಗದದಂತೆ ಲೈನರನ್ನು ಉಜ್ಜಿದೆ ಎಂದೇ ತಿಳಿಯಿರಿ.

ಬಿ.ಎ. ಓದಿ ಕನ್ನಡ ಪಾಠ ಹೇಳುವ ನನಗೇ ಇಷ್ಟು ತಿಳಿದ ಮೇಲೆ ಇದು ಬ್ರಹ್ಮವಿದ್ಯೆಯೇನಲ್ಲ. “ಮೆಕ್ಯಾನಿಕ್ ಇದ್ದಾನಲ್ಲ” ಎನ್ನುತ್ತೀರಾ? ಇರಲಿ, ಕರೆದುಕೊಂಡು ಹೋಗಿ. ಆದರೆ ಅವನು ದಲ್ಲಾಳಿ ಕರೆತಂದವನಾಗದಿರಲಿ. ಅವನ ಕೂಲಿ ನೀವೇ ಕೊಡಿ, ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಅದಕ್ಕೆ ತಗಲುವ ಹಣ ಇಂಜಿನ್ ಬಿಚ್ಚಿಸುವ ಖರ್ಚಿನ ಮುಂದೆ ಏನೂ ಅಲ್ಲ.

1994ರ ರಾಜ್ಯದ ತಿದ್ದುಪಡಿ, 2005ರ ಕೇಂದ್ರದ ತಿದ್ದುಪಡಿ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಜಮೀನಿನಲ್ಲಿ ಹುಟ್ಟಿನ ಹಕ್ಕು ಕೊಟ್ಟವು. ಆ ಜಮೀನು ಉಳುವ ಯಂತ್ರವನ್ನು ಮುಟ್ಟಿ ನೋಡಲು ಇನ್ನು ಯಾವ ಕಾಯಿದೆ ಬರಬೇಕು? ಗಂಡಸರು ಮೋಸಹೋದರೆ ಬಳೆ ಬಿಡಿಸಿಕೊಳ್ಳಲಾಗದೆ ಬರಿಗೈಲಿ ಉಳಿಯುವವರು ನಾವೇ. ಆದ್ದರಿಂದ ಮನೆಯಲ್ಲಿ ಖಂಡಿತವಾಗಿ ಹೇಳಿಬಿಡಿ: ನೋಡಲು ಕರೆಯದಿದ್ದರೆ ಕೊಡಲೂ ಕರೆಯಬೇಡಿ.